ಬೀರುವಿನಲ್ಲಿ ನಾನು ಬಚ್ಚಿಟ್ಟ ಫಾರಂಗಳು

ಕನಸಿನಲ್ಲಿ ಕಮಿಟಿಯವರು ನನ್ನ ಬೀರು ತೆಗೆದರು. ಒಂದು ಫಾರಂ ಕೈಗೆ ಕೊಟ್ಟು ಓದು ಎಂದರು. ನನ್ನದೇ ಅಕ್ಷರ, ಓದಲು ಬರುತ್ತಿಲ್ಲ...

ಮೂರು ದಿನದಿಂದ ಇದೇ ಕನಸು. ಹೇಳಿಯೇ ಬಿಡುತ್ತೇನೆ.

ಹೈದರಾಬಾದಿನ ಒಂದು ಯೂನಿವರ್ಸಿಟಿಯಲ್ಲಿ ನಾನು ಕಾಂಟ್ರಾಕ್ಟ್ ಟೈಪಿಸ್ಟ್. ಇಂಟರ್, ಅಂದರೆ ಪಿಯುಸಿ, ಅರ್ಧಕ್ಕೇ ಬಿಟ್ಟವಳು. ನಮ್ಮಲ್ಲಿ ಸಂಜೆ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ನಡೆಯುತ್ತದೆ. ಬರುವವರಲ್ಲಿ ಹೆಚ್ಚಿನವರು ಜೀಡಿಮೆಟ್ಲಾದ ಔಷಧ ಕಾರ್ಖಾನೆಗಳಲ್ಲಿ ದುಡಿಯುವವರು.

ತೆಲಂಗಾಣ ಬಂದ್‌ಗಳಿಂದಾಗಿ ಎರಡು ಸಲ ಮುಂದೆ ಹೋಗಿದ್ದ ಈ ಕೋರ್ಸಿನ ರಿವ್ಯೂ ಕೊನೆಗೂ ಬಂತು. ಕೋರ್ಸಿನಲ್ಲಿ ಏನು ಬದಲಾಗಬೇಕು ಎಂದು ವಿದ್ಯಾರ್ಥಿಗಳಿಂದಲೇ ಬರೆಸಿ, ಆ ಫಾರಂಗಳನ್ನು ಹೊರಗಿನಿಂದ ಬರುವ ಕಮಿಟಿಯ ಮುಂದೆ ಇಡಬೇಕು. ಹೆಸರು ಬರೆಯುವಂತಿಲ್ಲ. ಜೋಡಿಸುವ ಕೆಲಸ ನನ್ನದು.

ಜೋಡಿಸುತ್ತಾ ಒಂದೊಂದನ್ನೇ ಓದಿದೆ. ಎಷ್ಟೊಂದು ದೂರು! ಹಿಂದಿನ ವರ್ಷ ಪಕ್ಕದ ರೂಮಿನ ಕೋರ್ಸಿಗೂ ರಿವ್ಯೂ ಆಗಿ, ಅದು ಮುಚ್ಚಿಯೇ ಹೋಗಿತ್ತು. ನನ್ನ ತಲೆಯಲ್ಲಿ ರಿವ್ಯೂ ಎಂದರೆ ತಪ್ಪು ಹುಡುಕಿ ಬಾಗಿಲು ಹಾಕುವುದು, ಅಷ್ಟೇ.

ದೂರುಗಳಿದ್ದ ಫಾರಂಗಳನ್ನೆಲ್ಲ ಬೀರುವಿಗೆ ಸೇರಿಸಿದೆ. ಅಷ್ಟೇ ಖಾಲಿ ಫಾರಂ ತೆಗೆದುಕೊಂಡು, ಪೆನ್ನು ಬದಲಿಸಿ ಬದಲಿಸಿ, ತೆಲುಗಿನಲ್ಲಿ ಕೆಲವು, ಹಿಂದಿಯಲ್ಲಿ ಕೆಲವು, ಎಲ್ಲ ಚೆನ್ನಾಗಿದೆ ಎಂದು ನಾನೇ ಬರೆದೆ.

ವಿದ್ಯಾರ್ಥಿಗಳಿಗೇ ತೃಪ್ತಿಯಿರುವಾಗ ಬದಲಾವಣೆ ಯಾಕೆ, ಈಗಿರುವಂತೆಯೇ ನಡೆಯಲಿ ಎಂದು ಬರೆದು ಕಮಿಟಿಯವರು ಹೊರಟುಹೋದರು.

ನಮ್ಮ ವಿಭಾಗದ ಮುಖ್ಯಸ್ಥರಾದ ದೇಸಾಯಿ ಸರ್ ನಗಾಡಿದರು. "ಏನ್ರಿ ಸುಮಂಗಲಾಬಾಯಿ, ನಮ್ಮ ಹುಡುಗ್ರು ಕ್ಯಾಂಟೀನ್ ಚಹಾಕ್ಕೂ ಬೈದಿಲ್ಲಲ್ರಿ! ಜ್ವರಗಿರ ಬಂದಿತ್ತೇನು ಎಲ್ಲಾರಿಗೂ?"

ನಾನೂ ನಕ್ಕೆ.

ಎರಡು ವಾರದ ಮೇಲೆ ಶಿವಲೀಲಾ ಬಂದಳು. ಬೀದರ್ ಕಡೆಯವಳು, ಕಾರ್ಖಾನೆಯ ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ದಿನವಿಡೀ ನಿಂತೇ ಕೆಲಸ. ಡಿಪ್ಲೊಮಾ ಆದರೆ ಅಲ್ಲಿಯ ಲ್ಯಾಬಿಗೇ ಹೋಗಬಹುದು ಎಂಬ ಆಸೆ ಅವಳದು.

"ಅಕ್ಕಾ, ಕ್ಲಾಸ್ ಒಂದು ತಾಸು ತಡಾ ಮಾಡ್ರಿ ಅಂತ ಬರ್ದಿದ್ದೆ. ಶಿಫ್ಟ್ ಬಿಟ್ಟು ಬಸ್ ಹಿಡದು ಬರೂದ್ರಾಗ ಪ್ರಾಕ್ಟಿಕಲ್ ಮುಗದೇ ಹೋಗಿರ್ತದ. ಮ್ಯಾಲಿನವ್ರು ಓದ್ಯಾರೇನ್ರಿ?"

"ಓದ್ಯಾರವ್ವಾ," ಎಂದೆ. ಯಾಕೆ ಹಾಗೆಂದೆನೋ...

"ಹಂಗಾರ ಆಗ್ತದ ಬಿಡ್ರಿ," ಎಂದು ಹೋದಳು.

ಆಗಲಿಲ್ಲ. ಹಾಜರಿ ಸಾಲದೆ ಅವಳನ್ನು ಪರೀಕ್ಷೆಗೆ ಕೂರಿಸಲಿಲ್ಲ. ಹೋದ ವಾರ ಬಂದು ತನ್ನ ಸರ್ಟಿಫಿಕೇಟುಗಳನ್ನು ವಾಪಸ್ ತೆಗೆದುಕೊಂಡಳು. "ಓದಿನೂ ಮಾಡ್ಲಿಲ್ಲ ನೋಡ್ರಿ ಅಕ್ಕಾ ಅವ್ರು," ಎಂದಳು.

ಅಂದೇ ಬೀರುವಿನ ಫಾರಂಗಳನ್ನು ಸರ್ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಅವರು ಒಂದೊಂದನ್ನೂ ಓದಿದರು. ಗದರಲೂ ಇಲ್ಲ.

"ತಪ್ಪು ತೋರ್ಸ್ರಿ ಅಂತನ ಕರ್ಸಿದ್ವಲ್ರಿ ಅವ್ರನ್ನ..."

ಸರ್ ಕಮಿಟಿಗೆ ನಿಜ ಬರೆದಿದ್ದಾರೆ. ನನ್ನ ಕೆಲಸದ ವಿಷಯ ಇನ್ನೂ ತೀರ್ಮಾನವಾಗಿಲ್ಲ.

ಶಿವಲೀಲಾಗೆ ಫೋನ್ ಮಾಡಿ ನಾನೇ ಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ "ಇಡ್ತೀನ್ರಿ" ಎಂದಳು. ಅಕ್ಕಾ ಎನ್ನಲಿಲ್ಲ.

ಈಗ ಸರ್ ಹೇಳಿದಂತೆ ಮುಂದಿನ ಬ್ಯಾಚಿಗೆ ಹೊಸ ವೇಳಾಪಟ್ಟಿ ಟೈಪ್ ಮಾಡುತ್ತಿದ್ದೇನೆ. ಶಿಫ್ಟ್ ಆರಕ್ಕೆ ಬಿಡುತ್ತದೆ ಎಂದುಕೊಂಡು ಕ್ಲಾಸನ್ನು ಏಳೂವರೆಗೆ ಹಾಕಿದ್ದೇನೆ. ಜೀಡಿಮೆಟ್ಲಾದಲ್ಲಿ ಕೆಲಸ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಗೇಟಿನ ಹೊರಗೆ ಬರಲು ನಿಜವಾಗಿ ಎಷ್ಟು ಹೊತ್ತಾಗುತ್ತದೆ, ಒಮ್ಮೆ ನೋಡಿ ಹೇಳುತ್ತೀರಾ?