ಕಿರುಬೆರಳಿಗೆ ಬೀಳದ್ದು

ವೀರಾಚಾರ್ರು ದೇವರನ್ನು ಕಿರುಬೆರಳಿನಲ್ಲಿ ತಳ್ಳಿ ನೋಡುತ್ತಿದ್ದರು. ವಿಗ್ರಹದ ಕೆಲಸವೆಲ್ಲ ಮುಗಿದು, ನಾವು ಹೆಂಗಸರು ತಿಕ್ಕಿ ಕನ್ನಡಿ ಮಾಡಿದ ಮೇಲೆ, ಅಂಗಳದ ಮಟ್ಟಸವಾದ ಚಪ್ಪಡಿಯ ಮೇಲೆ ಅದನ್ನು ನಿಲ್ಲಿಸುವರು. ಎಡಗೈ ಬೆನ್ನ ಹಿಂದೆ ಕಟ್ಟಿಕೊಂಡು, ಬಲಗೈ ಕಿರುಬೆರಳನ್ನು ದೇವರ ಭುಜಕ್ಕೆ ಇಟ್ಟು ಒಂದು ಸಲ ತಳ್ಳುವರು. ಅಲ್ಲಾಡದಿದ್ದರೆ "ಅಂತೇ" ಅನ್ನುವರು. ತೆಲುಗಿನ ಮಾತು; ಅಷ್ಟೇ, ಮುಗಿಯಿತು ಎಂದು ಅರ್ಥ. ಕೂದಲೆಳೆಯಷ್ಟು ಅಲ್ಲಾಡಿದರೂ ಆ ದೇವರು ಅಂಗಳ ದಾಟುತ್ತಿರಲಿಲ್ಲ.

ಶಿವಾರಪಟ್ಟಣದಲ್ಲಿ ಅವರ ಶೆಡ್ಡಿನಲ್ಲಿ ನಾನು ಹದಿನೆಂಟು ವರ್ಷ ಕಲ್ಲು ತಿಕ್ಕಿದೆ. ಉಳಿ ಹಿಡಿಯುವವರು ಅವರು, ಸಾಣೆಕಲ್ಲಿಗೆ ನೀರು ಹಾಕಿಕೊಂಡು ಉಳಿಯ ಗೀರು ಕಾಣದ ಹಾಗೆ ಉಜ್ಜುವವರು ನಾವು. ಬೆರಳ ತುದಿಯ ಚರ್ಮ ಸವೆದು ರಕ್ತ ಬರುತ್ತಿತ್ತು. ಮಧ್ಯಾಹ್ನ ಸಾರಿಗೆ ಕೈ ಹಾಕಿದರೆ ಉರಿ. ಇದನ್ನು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ, ಯಾಕೆಂದರೆ ಎಲ್ಲರ ಬೆರಳೂ ಹಾಗೇ ಇದ್ದವು.

ಆಚಾರ್ರು ಕುಳ್ಳಗೆ, ದಪ್ಪ ಹುಬ್ಬಿನವರು. ಹುಬ್ಬಿನಲ್ಲಿ ಯಾವಾಗಲೂ ಕಲ್ಲಿನ ಪುಡಿ. ಒಳ್ಳೆಯ ಮನುಷ್ಯರು ಎಂದು ಈಗ ಎಲ್ಲರೂ ಹೇಳುತ್ತಾರೆ. ಇರಬಹುದು. ಒಳ್ಳೆಯ ಮಾತನ್ನು ಮಾತ್ರ ಅವರ ಬಾಯಿಂದ ಉಳಿ ಹಾಕಿ ತೆಗೆಯಬೇಕಿತ್ತು. ಹದಿನೆಂಟು ವರ್ಷದಲ್ಲಿ ನನ್ನ ಕೆಲಸ ಚೆನ್ನಾಗಿದೆ ಎಂದು ಒಂದು ದಿನವೂ ಅಂದವರಲ್ಲ. ತಪ್ಪಿದ್ದರೆ ಹೆಬ್ಬೆರಳಿನಲ್ಲಿ ಸವರಿ, "ಇಲ್ಲಿ ನಿದ್ದೆ ಮಾಡಿದ್ದೀಯ ಯಲ್ಲಮ್ಮ" ಅನ್ನುವರು. ಅವರ ಹೆಬ್ಬೆರಳಿಗೆ ಕಣ್ಣಿತ್ತು. ನಾಲ್ಕು ಜನ ಹೆಂಗಸರು ತಿಕ್ಕಿದ ಒಂದು ವಿಗ್ರಹದಲ್ಲಿ ಯಾರು ಎಲ್ಲಿ ತಿಕ್ಕಿದ್ದು ಎಂದು ಸವರಿ ಹೇಳುತ್ತಿದ್ದರು.

ಒಂದು ಸಲ ಮುಳಬಾಗಿಲಿನ ಕಡೆ ಒಂದು ಹಳ್ಳಿಯವರು ಆಂಜನೇಯನನ್ನು ಒಯ್ಯಲು ಬಂದರು. ವಾಲಗದವರನ್ನೂ ಕರೆದುಕೊಂಡು ಬಂದಿದ್ದರು. ಆಚಾರ್ರು ಕಿರುಬೆರಳು ಇಟ್ಟರು, ದೇವರು ಒಂದಿಷ್ಟು ಮಿಸುಕಿತು. ನನ್ನ ಕಣ್ಣಿಗೆ ಕಾಣಲೂ ಇಲ್ಲ.

"ಇವತ್ತು ಕೊಡಲ್ಲ," ಅಂದರು.

"ಏನ್ ಆಚಾರ್ರೇ ಹಿಂಗಂತೀರ, ನಾಡಿದ್ದು ಪ್ರತಿಷ್ಠೆ. ಮುಹೂರ್ತ ಇಟ್ಟಾಗೈತೆ," ಎಂದ ಊರಿನ ಯಜಮಾನ.

"ಮುಹೂರ್ತ ನಿಮ್ಮದು. ಪಾದ ನಂದು."

"ಅಲ್ಲಿ ಹೋಗಿ ಗಾರೆ ಹಾಕಿ ಕೂರಿಸ್ತೀವಲ್ಲ, ಅಲ್ಲಾಡೋದೆಲ್ಲಿ ಬಂತು?"

"ಗಾರೆ ಹಾಕಿದ್ರೆ ನೀನೂ ನಿಂತ್ಕೋತೀಯ ಕಣಯ್ಯ. ಅದು ನಿಲ್ಲೋದಲ್ಲ, ಕಚ್ಕೊಂಡಿರೋದು."

ಬಯ್ಯುತ್ತ ಹೋದರು. ಬೇರೆ ದಿನ ಬಂದು ಒಯ್ದರು. ಆ ಮೇಲೆ ಆ ಸೀಮೆಯಲ್ಲೆಲ್ಲ ಒಂದು ಮಾತಾಯಿತು, ವೀರಾಚಾರಿ ಮಾಡಿದ್ದು ಬೀಳಲ್ಲ ಎಂದು. ಅವರಿಗಿದ್ದ ಆಸ್ತಿ ಅದೊಂದೇ. ಗದ್ದೆಯಿಲ್ಲ, ತೋಟವಿಲ್ಲ, ಗಂಡುಮಕ್ಕಳಿಲ್ಲ. ಆ ಮಾತು ಇತ್ತು.

ಎಂಬತ್ತೈದನೆಯ ಇಸವಿಯೋ ಎಂಬತ್ತಾರೋ ಇರಬೇಕು, ಬೆಂಗಳೂರಿನ ಒಂದು ಆಟದ ಸಾಮಾನಿನ ಕಂಪನಿಯಿಂದ ಒಬ್ಬ ಹುಡುಗಾಟದ ಮುಖದವನು ಬಂದ. ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಬಾಚಣಿಗೆ. ಅವನ ಕಂಪನಿ ಒಂದು ಹೊಸ ಆಟ ತೆಗೆಯುತ್ತಿತ್ತು. ನಮ್ಮ ಚೌಕಾಬಾರದ ಹಾಗೆ ಮನೆಗಳಿರುವ ರಟ್ಟಿನ ಹಲಗೆ, ದಾಳ, ಕಾಯಿ. ಕಾಯಿಗಳು ಮಾತ್ರ ಯುದ್ಧದ ಯಂತ್ರಗಳು. ಬೇರೆ ಯಾವುದೋ ಗ್ರಹದಲ್ಲಿ, ಇನ್ನೂ ಬಾರದ ಕಾಲದಲ್ಲಿ ನಡೆಯುವ ಯುದ್ಧವಂತೆ. ನಮ್ಮ ಕಡೆಯ ಯಂತ್ರಕ್ಕೆ ಮನುಷ್ಯನಂತೆ ಎರಡು ಕಾಲು, ಕೈಯ ಜಾಗದಲ್ಲಿ ತುಪಾಕಿ. ಶತ್ರುವಿನ ಯಂತ್ರಕ್ಕೆ ಆರು ಕಾಲು. ಬಳಪದ ಕಲ್ಲಿನಲ್ಲಿ ಗೇಣುದ್ದದ ಮಾದರಿ ಎರಡು ಬೇಕು ಎಂದ. ಬೆಂಗಳೂರಿನಲ್ಲಿ ಒಂದು ಯಂತ್ರವಿದೆಯಂತೆ. ಅದರ ಒಂದು ಕಡ್ಡಿ ದೊಡ್ಡ ಮಾದರಿಯ ಮೇಲೆ ಓಡಾಡಿದರೆ ಇನ್ನೊಂದು ಕಡ್ಡಿ ಹೆಬ್ಬೆಟ್ಟಿನಷ್ಟು ಅಚ್ಚನ್ನು ಉಕ್ಕಿನಲ್ಲಿ ಕೊರೆಯುತ್ತದಂತೆ. ಆ ಅಚ್ಚಿಗೆ ಪ್ಲಾಸ್ಟಿಕ್ ಹೊಯ್ಯುವುದು.

ಆಚಾರ್ರು ಚಿತ್ರಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಎರಡು ಕಾಲಿನದಕ್ಕೆ ಬಂಟ ಎಂದೂ ಆರು ಕಾಲಿನದಕ್ಕೆ ಏಡಿ ಎಂದೂ ಹೆಸರಿಟ್ಟರು.

"ಸಾರ್, ಈ ಯುದ್ಧದಲ್ಲಿ ಏಡಿ ಗೆಲ್ಲುತ್ತೆ," ಅಂದರು.

"ಇಲ್ಲ ಆಚಾರ್ರೇ, ಬಂಟಾನೇ ಹೀರೋ."

"ಕಾಲು ಮುರಿದ್ರೆ?"

ಒಂದು ಏಟಿಗೆ ಒಂದು ಕಾಲು ಹೋಗುತ್ತದೆ ಎಂದು ಆಟದ ಕಾಯಿದೆ. ಆಚಾರ್ರು ಚಪ್ಪಡಿಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಚೌಕಾಬಾರದ ಮನೆ ಬರೆದು, ಹುಣಸೆಬೀಜ ಬಂಟ, ಹೊಂಗೆಬೀಜ ಏಡಿ ಎಂದು ಇಟ್ಟು ಆಡಲು ಕೂತರು. ಕಂಪನಿಯವನ ಬಂಟರೆಲ್ಲ ಒಂದೊಂದು ಏಟಿಗೆ ಮಲಗಿದರು. ಆಚಾರ್ರ ಏಡಿಗಳು ನಾಲ್ಕು ಕಾಲಿನಲ್ಲಿ, ಮೂರು ಕಾಲಿನಲ್ಲಿ ಕುಂಟುತ್ತ ಹೋಗಿ ಮನೆ ಸೇರಿದವು. ಮೂರು ಆಟ ಸೋತ ಮೇಲೆ ಅವನು ಬಾಚಣಿಗೆ ತೆಗೆದು ತಲೆ ಬಾಚಿಕೊಂಡ.

"ಸರಿ, ಏಡಿ ಒಂದೇ ಮನೆ ನಡೀಲಿ. ಬಂಟ ಮೂರು ಮನೆ," ಎಂದ.

"ಕಾಯಿದೆ ತಿದ್ದಿ ಗೆಲ್ಲಿಸ್ತೀರಾ? ನಮ್ಮ ಪಂಚಾಯ್ತೀಲಿ ಕಲಿತ್ರಾ ಇದನ್ನ?"

"ಎರಡು ಕಾಲಿಂದು ಎತ್ತರ ಇರುತ್ತೆ. ದೂರ ನೋಡುತ್ತೆ."

"ಎತ್ತರ ಇರೋದಕ್ಕೇ ಮೊದಲ ಏಟು."

"ಮಕ್ಕಳಿಗೆ ಮನುಷ್ಯನ ಥರ ಕಾಣಬೇಕು ಆಚಾರ್ರೇ. ಏಡೀಗೆ ಯಾರು ಚಪ್ಪಾಳೆ ತಟ್ತಾರೆ?"

ನಾನು ತಿಕ್ಕುತ್ತಿದ್ದವಳು ಸುಮ್ಮನಿರಲಾರದೆ ಬಾಯಿ ಹಾಕಿದೆ. "ಕೋಳೀಗೂ ಎರಡೇ ಕಾಲು. ಅದೇನು ಬಿದ್ದು ಹೋಗುತ್ತಾ?"

"ಕೋಳಿ ಬದುಕಿದೆ ಕಣಮ್ಮ. ಅಲ್ಲಾಡಿದ್ರೆ ಇನ್ನೊಂದು ಹೆಜ್ಜೆ ಇಡುತ್ತೆ. ಸತ್ತ ಕೋಳೀನ ನಿಲ್ಲಿಸು ನೋಡೋಣ." ಕಂಪನಿಯವನ ಕಡೆ ತಿರುಗಿದರು. "ವೇಣುಗೋಪಾಲನ ಹಿಂದೆ ಹಸು ಯಾಕೆ ನಿಲ್ಲಿಸಿದ್ದೀವಿ ಗೊತ್ತಾ? ಭಕ್ತಿಗೆ ಅಂದ್ಕೊಂಡ್ರಾ? ಒರಗೋಕೆ. ವಿಷ್ಣೂಗೆ ಪ್ರಭಾವಳಿ ಇದೆ. ಎರಡು ಕಾಲಲ್ಲಿ ದೇವರೇ ಒಂಟಿಯಾಗಿ ನಿಂತಿಲ್ಲ, ನಿಮ್ಮ ಬಂಟ ನಿಲ್ತಾನಾ?"

ಆದರೂ ಮಾಡಿದರು. ಏಡಿಯನ್ನು ಬಹಳ ಇಷ್ಟಪಟ್ಟು ಮಾಡಿದರು. ಆರು ಕಾಲೂ ನೆಲ ಮುಟ್ಟಿದ್ದವು, ಕೋಲಿನಲ್ಲಿ ತಿವಿದರೂ ಕದಲಲಿಲ್ಲ. ಬಂಟನಿಗೆ ಚಿತ್ರದಲ್ಲಿ ಇಲ್ಲದ್ದೊಂದನ್ನು ಇಟ್ಟರು. ಹಿಂದಿನಿಂದ ಇಳಿದು ನೆಲಕ್ಕೆ ಊರಿದ ಗಿಡ್ಡ ಬಾಲ. ಕಿರುಬೆರಳು ಇಟ್ಟು ತಳ್ಳಿ "ಅಂತೇ" ಅಂದರು.

ಕಂಪನಿಯವನು ಬಂದು ನೋಡಿ, "ಬಾಲ ಬೇಡ. ಕೋತಿ ಅಂತಾರೆ ಮಕ್ಕಳು," ಎಂದ.

"ಲಂಕೆ ಸುಟ್ಟಿದ್ದು ಕೋತೀನೇ."

"ಕೊಯ್ದು ಕೊಡಿ ಆಚಾರ್ರೇ. ಸಾಹೇಬರು ಒಪ್ಪಲ್ಲ."

"ಬೀಳೋದು ನನ್ನ ಕೈಯಿಂದ ಹೊರಗೆ ಹೋಗಲ್ಲ. ಬೇಕಾದ್ರೆ ಏಡಿ ತಗೊಂಡು ಹೋಗಿ, ಬಂಟ ಇಲ್ಲೇ ಇರ್ಲಿ."

ಹೀಗೇ ಹದಿನೈದು ದಿನ ಎಳೆದಾಡಿತು. ಆಮೇಲೆ ಆಚಾರ್ರು ಯಾರದೋ ತಿಥಿಗೆಂದು ಎರಡು ದಿನ ಶ್ರೀನಿವಾಸಪುರಕ್ಕೆ ಹೋದರು. ಎರಡನೆಯ ದಿನ ಬೆಳಿಗ್ಗೆ ಕಂಪನಿಯವನು ಬಂದ. ಶೆಡ್ಡಿನಲ್ಲಿ ನಾನು ಮತ್ತು ನನ್ನ ಮಗಳು ಇಬ್ಬರೇ. ಅವಳಿಗೆ ಹನ್ನೆರಡು. ಆ ವರ್ಷವೇ ಅವಳನ್ನೂ ತಿಕ್ಕಲು ಕೂರಿಸಿದ್ದೆ. ಅವನು ಅವಳ ಬೆರಳು ನೋಡಿದ.

"ಅಮ್ಮಾ, ಆ ಕಾಯಿಗಳಿಗೆ ಬಣ್ಣದ ಚುಕ್ಕೆ ಇಡೋ ಕೆಲಸ ಇರುತ್ತೆ. ಮನೇಲೇ ಕೂತು ಕುಂಚದಲ್ಲಿ ಇಡೋದು. ನಿಮ್ಮ ಶೆಡ್ಡಿನ ಹೆಂಗಸರಿಗೇ ಕೊಡಿಸ್ತೀನಿ. ಈ ಬಂಟ ಇವತ್ತು ಹೋಗದಿದ್ರೆ ಆಟಾನೇ ಇಲ್ಲ," ಎಂದ.

ನಾನು ಹೆಚ್ಚು ಯೋಚಿಸಲಿಲ್ಲ. ಬಳಪದ ಕಲ್ಲು ಮೆತ್ತಗಿರುತ್ತದೆ. ಸಣ್ಣ ಗರಗಸ ತೆಗೆದುಕೊಂಡು ಬಾಲವನ್ನು ಬುಡದಲ್ಲೇ ಕೊಯ್ದೆ. ಆ ಜಾಗವನ್ನು ಮೊದಲು ಒರಟು ಸಾಣೆಯಲ್ಲಿ, ಆಮೇಲೆ ನಯದ್ದರಲ್ಲಿ, ಕೊನೆಗೆ ಬಟ್ಟೆಯಲ್ಲಿ ತಿಕ್ಕಿದೆ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಯಾವ ದೇವರನ್ನೂ ತಿಕ್ಕಿರಲಿಲ್ಲ. ಕಂಪನಿಯವನು ಹೊರಗೆ ತಲೆ ಬಾಚಿಕೊಳ್ಳುತ್ತಿದ್ದ. ಅಭ್ಯಾಸಬಲದಿಂದ ಬಂಟನನ್ನು ಚಪ್ಪಡಿಯ ಮೇಲೆ ನಿಲ್ಲಿಸಿ ಕಿರುಬೆರಳು ಇಟ್ಟೆ. ಬಿತ್ತು. ಅಂಗೈಯಲ್ಲಿ ಹಿಡಿದುಕೊಂಡೆ. ಹಾಗೇ ಕಾಗದದಲ್ಲಿ ಸುತ್ತಿ ಅವನ ಕೈಗೆ ಕೊಟ್ಟೆ. ನನ್ನ ಮಗಳು ನೋಡಿದಳು.

ಆಚಾರ್ರು ಬಂದವರೇ ಕೇಳಿದರು. "ಬಂಟ ಎಲ್ಲಿ?"

"ಕಂಪನಿಯವನು ಒಯ್ದ."

"ಬಾಲ?"

"ಹಂಗೇ ಒಯ್ದ."

ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮೊದಲು ಕಂಡದ್ದಿಲ್ಲ, ಆಮೇಲೂ ಕಾಣಲಿಲ್ಲ. "ಚೂಡಮ್ಮಾ," ಅಂದರು, ತೆಲುಗಿನಲ್ಲಿ ನೋಡಮ್ಮಾ ಎಂದು. "ಕೊನೆಗೂ ಒಪ್ಕೊಂಡ! ಬುದ್ಧಿ ಇದೆ ಹುಡುಗನಿಗೆ," ಎನ್ನುತ್ತ ಹೆಗಲ ಮೇಲಿನ ಟವಲನ್ನೂ ಇಳಿಸದೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಗೆ ಹೋದರು. ಬೆಂಗಳೂರಿನವರು ನನ್ನ ಬಾಲ ಒಪ್ಪಿದರು ಎಂದು ಕಂಡಕಂಡವರಿಗೆಲ್ಲ ಹೇಳಿದರು. ಪ್ಲಾಸ್ಟಿಕ್ಕಿನದಾದರೂ ನನ್ನ ಕೈಯದು ಬೀಳುವುದಿಲ್ಲ, ಮಕ್ಕಳು ಮೇಜು ಕುಟ್ಟಲಿ ಎಂದರು. ತಿಂಗಳುಗಟ್ಟಲೆ ಅದೇ ಮಾತು. ನಾನು ಕೇಳಿಸಿಕೊಂಡು ತಿಕ್ಕುತ್ತಿದ್ದೆ.

ಬಣ್ಣದ ಕೆಲಸ ಬಂತು. ಸುಳ್ಳು ಹೇಳಬಾರದು. ಆದರೆ ಅವನು ಅದನ್ನು ಶೆಡ್ಡಿಗೆ ತರಲಿಲ್ಲ, ನಮ್ಮ ಮನೆಗೇ ಇಳಿಸಿ ಹೋಗುತ್ತಿದ್ದ. ಎರಡು ತಿಂಗಳು ನನ್ನ ಮಗಳು ಕುಂಚ ಹಿಡಿದು ಕೂತಳು. ಅವಳ ಬೆರಳಿಗೆ ಹೊಸ ಚರ್ಮ ಬಂತು. ಕಾಯಿಗಳನ್ನು ಒಣಗಲು ಸಾಲಾಗಿ ನಿಲ್ಲಿಸಲು ಹೋದರೆ ಏಡಿಗಳು ನಿಲ್ಲುತ್ತಿದ್ದವು, ಬಂಟರು ನಿಲ್ಲುತ್ತಿರಲಿಲ್ಲ. ಮೊರದಲ್ಲಿ ಮಲಗಿಸಿ ಒಣಗಿಸಿದೆವು. ಆಮೇಲೆ ಕೆಲಸ ನಿಂತಿತು.

ಅದಾಗಿ ಸ್ವಲ್ಪ ದಿನಕ್ಕೆ ಬಸ್ಸಿನಲ್ಲಿ ಆಚಾರ್ರ ಹೆಸರಿಗೆ ಒಂದು ಪೆಟ್ಟಿಗೆ ಬಂತು. ಟೀ ಅಂಗಡಿಯಲ್ಲೇ, ಎಲ್ಲರ ಎದುರಿಗೇ ಬಿಚ್ಚಿದರು. ಎಲ್ಲರಿಗೂ ತೋರಿಸಬೇಕಿತ್ತಲ್ಲ. ನಮ್ಮನ್ನೂ ಕರೆದರು. ಮೇಲೆ ಆಟದ ಡಬ್ಬಿ, ಕೆಳಗೆ ಕಾಗದದಲ್ಲಿ ಸುತ್ತಿದ ಕಲ್ಲಿನ ಮಾದರಿಗಳು, ಜೊತೆಗೆ ಒಂದು ಚೀಟಿ. ಅವರು ಚೀಟಿ ನೋಡಲಿಲ್ಲ. ಡಬ್ಬಿಯಿಂದ ಒಂದು ಬಂಟನನ್ನು ತೆಗೆದು ಮೇಜಿನ ಮೇಲೆ ಇಟ್ಟು, ಎಡಗೈ ಹಿಂದೆ ಕಟ್ಟಿಕೊಂಡು, ಕಿರುಬೆರಳು ಚಾಚಿದರು. ಬೆರಳು ತಾಗುವ ಮೊದಲೇ ಬಿತ್ತು.

ಟೀ ಅಂಗಡಿಯವನು ಚೀಟಿ ಓದಿದ. ಬಂಟರು ನಿಲ್ಲುತ್ತಿಲ್ಲ, ಅಂಗಡಿಯವರು ಆಟವನ್ನು ವಾಪಸ್ಸು ಕಳಿಸಿದ್ದಾರೆ, ಮಾದರಿಯಲ್ಲೇ ದೋಷವಿದೆ ಎಂದು ಬರೆದಿತ್ತು.

ಯಾರೋ ನಕ್ಕರು. ಆಚಾರ್ರು ಕಲ್ಲಿನ ಬಂಟನನ್ನು ಬಿಚ್ಚಿಕೊಂಡು ಹಿಂಭಾಗದಲ್ಲಿ ಹೆಬ್ಬೆರಳು ಆಡಿಸಿದರು. ಒಂದು ಸಲ, ಎರಡು ಸಲ. ನಾನು ಎದುರಿಗೇ ನಿಂತಿದ್ದೆ. ಅವರು ತಲೆ ಎತ್ತಿ ನನ್ನನ್ನು ನೋಡಲಿಲ್ಲ.

"ಬೆಂಗಳೂರಲ್ಲಿ ಕೊಯ್ದಿದ್ದಾರೆ," ಅಂದರು. ಅಷ್ಟೇ.

ಅವರ ಮಾತನ್ನು ಯಾರೂ ನಂಬಲಿಲ್ಲ. ಬಾಲ ಒಪ್ಪಿದರು ಎಂದು ತಿಂಗಳುಗಟ್ಟಲೆ ಕೊಚ್ಚಿಕೊಂಡವರೂ ಅವರೇ ತಾನೆ. ಆವತ್ತಿನಿಂದ ಒಂದು ಆಟ ಶುರುವಾಯಿತು. ವಿಗ್ರಹ ಒಯ್ಯಲು ಬಂದವರು ಕಿರುಬೆರಳು ಚಾಚಿ, "ಏನ್ ಆಚಾರ್ರೇ, ನಿಲ್ಲುತ್ತಾ?" ಎಂದು ತಾವೇ ದೇವರನ್ನು ತಳ್ಳಿ ನೋಡುವರು. ಬೀಳದಿದ್ದರೂ ನಗುವರು. ಆಚಾರ್ರು ಆಮೇಲೆ ಕಿರುಬೆರಳು ಇಡುವುದನ್ನು ಬಿಟ್ಟರು. "ಅಂತೇ" ಎನ್ನುವುದನ್ನೂ ಬಿಟ್ಟರು. ಬರುವವರು ಕಡಿಮೆಯಾದರು. ಒಂದು ದಿನ, "ತಿಕ್ಕೋಕೆ ಏನೂ ಇಲ್ಲ ಯಲ್ಲಮ್ಮ. ನಾಳೆಯಿಂದ ಬರಬೇಡ," ಅಂದರು. ನಾನೇ ಕೊಯ್ದೆ ಎಂದು ಟೀ ಅಂಗಡಿಯಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು, ಅವರ ಹೆಸರು ಉಳಿಯುತ್ತಿತ್ತು. ನಾನು ಹೇಳಲಿಲ್ಲ. ಮಗಳನ್ನು ಕರೆದುಕೊಂಡು ಮಾಲೂರಿನ ಇಟ್ಟಿಗೆ ಗೂಡಿಗೆ ಹೋದೆ. ಇಟ್ಟಿಗೆ ಹೊತ್ತರೂ ಬೆರಳು ಸವೆಯುತ್ತದೆ. ಅದೇ ಬೆರಳು.

ಕೊನೆಗೆ ಅವರನ್ನು ಕಂಡದ್ದು ಮಾಲೂರು ರೈಲ್ವೆ ಸ್ಟೇಷನ್ನಿನಲ್ಲಿ. ಕಲ್ಲಿನ ಬೆಂಚಿನ ಮೇಲೆ ಕೂತಿದ್ದರು. ಶೆಡ್ಡು ಮುಚ್ಚಿ ಬಂಗಾರಪೇಟೆಯ ಮಗಳ ಮನೆಗೆ ಹೊರಟಿದ್ದರು. ಪಕ್ಕದಲ್ಲಿ ಉಳಿಯ ಚೀಲ, ಕೈಯಲ್ಲಿ ಊರುಗೋಲು. ಹುಬ್ಬಿನಲ್ಲಿ ಪುಡಿ ಇರಲಿಲ್ಲ. ಮುಖ ಬೇರೆ ಯಾರದೋ ಇದ್ದಂತೆ ಕಂಡಿತು.

"ಚೂಡಮ್ಮಾ ಯಲ್ಲಮ್ಮ," ಎಂದು ಕೋಲು ಎತ್ತಿ ತೋರಿಸಿದರು. "ನನಗೂ ಬಾಲ ಬಂತು."

ನಾನು ಬೆಂಚಿನ ಮೇಲೆ ಕೂತೆ. ಅವರು ಚೀಲದಲ್ಲಿ ಕೈಯಾಡಿಸಿ ಬಟ್ಟೆಯಲ್ಲಿ ಸುತ್ತಿದ್ದನ್ನು ತೆಗೆದು ನನ್ನ ಮಡಿಲಿಗೆ ಇಟ್ಟರು. ಕಲ್ಲಿನ ಬಂಟ.

"ನಿನ್ನ ಕೆಲಸ. ನೀನೇ ಇಟ್ಕೋ. ತಿಕ್ಕಿರೋದು ಬಹಳ ಚೆನ್ನಾಗಿದೆ ಕಣಮ್ಮ. ಬಾಲ ಎಲ್ಲಿತ್ತು ಅಂತ ನನ್ನ ಬೆರಳಿಗೂ ಹುಡುಕಬೇಕಾಯ್ತು."

ಹದಿನೆಂಟು ವರ್ಷ ತಿಕ್ಕಿದ್ದಕ್ಕೆ ಅವರು ಹೊಗಳಿದ್ದು ಅದೊಂದನ್ನೇ. ರೈಲು ಬಂತು. ಎದ್ದರು, ಕೋಲು ಊರಿದರು. ನಾನು ಹಿಡಿಯಲು ಕೈ ಚಾಚಿದೆ.

"ಬೇಡ," ಅಂದರು. "ಇದನ್ನ ಮಾತ್ರ ಕೊಯ್ಯಬೇಡ."

ಮರುವರ್ಷ ಸತ್ತರೆಂದು ಕೇಳಿದೆ. ಹೋಗಲಿಲ್ಲ. ಬಂಟ ನನ್ನ ಮನೆಯಲ್ಲೇ ಇದೆ. ಅಕ್ಕಿ ಡಬ್ಬಕ್ಕೆ ಒರಗಿಸಿ ಇಟ್ಟಿದ್ದೇನೆ. ಡಬ್ಬ ತೆಗೆದಾಗಲೆಲ್ಲ ಬೀಳುತ್ತದೆ.