ಎಡಗೈಯಿಂದ ಸಾರಿಸಿದ ನೆಲ

ಮೂಕಿ ಚಿತ್ರಗಳ ಕಾಲದಲ್ಲಿ ನಾನು ಮುಂಬೈಯ ಒಂದು ಸ್ಟುಡಿಯೋದಲ್ಲಿ ಸೆಟ್ ಕಟ್ಟುತ್ತಿದ್ದೆ. ರಟ್ಟಿನ ಅರಮನೆಗಳನ್ನು ಕಟ್ಟಿ ಕಟ್ಟಿ ಬೇಸತ್ತಿದ್ದೆ. ಒಮ್ಮೆ ಬಡವರ ಮನೆಯೊಂದು ಬೇಕೆಂದಾಗ, ನಿಜಾಮರ ಸೀಮೆಯ ವಲಾಂಡಿಯಲ್ಲಿದ್ದ ನಮ್ಮ ಮನೆಯನ್ನೇ ನೆನೆದು ಕಟ್ಟಿದೆ. ನಾವೇನು ಬಡವರಲ್ಲ, ಆ ಮಾತು ಬೇರೆ.

ಆಳುಗಳು ಸೆಗಣಿಯಿಂದ ನೆಲ ಸಾರಿಸಿದ್ದು ನನಗೆ ಸರಿಕಾಣಲಿಲ್ಲ. ನಮ್ಮವ್ವ ಎಡಚಿ. ಆಕೆ ಸಾರಿಸಿದರೆ ಬೆರಳಿನ ಗೆರೆಗಳು ಊರಿನ ಬೇರೆ ಮನೆಗಳಿಗಿಂತ ಉಲ್ಟಾ ಬಾಗುತ್ತಿದ್ದವು. ನಾನೇ ಕೂತು ಎಡಗೈಯಿಂದ ಮತ್ತೆ ಸಾರಿಸಿದೆ. ನೆಲ ಯಾರು ನೋಡುತ್ತಾರೆ ಎಂದು ಸಿಡುಕಿದ ಡೈರೆಕ್ಟರ್, ಅದು ಆರುವ ಮೊದಲೇ ಶೂಟಿಂಗ್ ಶುರುಮಾಡಿದರು.

ಆ ಚಿತ್ರ ಉದಗೀರಿನ ತಂಬು ಸಿನೆಮಾಕ್ಕೆ ಬಂದಾಗ ಅವ್ವನನ್ನು ಬಂಡಿಯಲ್ಲಿ ಕರೆದುಕೊಂಡು ಹೋದೆ. ಸೆಟ್ಟಿನ ವಿಷಯ ಏನೂ ಹೇಳಿರಲಿಲ್ಲ. ಪರದೆಯ ಮೇಲೆ ನಾಯಕಿ ಅಳುತ್ತಾ ಒಳಗೆ ಬಂದಳು. ಸುತ್ತಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವ್ವ ಮಾತ್ರ ನಾಯಕಿಯ ಕಾಲನ್ನೇ ದಿಟ್ಟಿಸುತ್ತಿದ್ದಳು. ಆಮೇಲೆ ನನ್ನ ತೋಳು ಹಿಡಿದು ಸಿಟ್ಟಿನಿಂದಲೇ ಅಂದಳು: "ನಾ ಸಾರಿಸಿದ್ದು ಇನ್ನೂ ಹಸಿ ಅದ. ತುಳೀಬ್ಯಾಡ ಅಂತ ಹೇಳು ಆಕಿಗೆ."