ಕವರ್ ಮಾವನ ವಿಮೆ

ನಮ್ಮ ಸೋದರಮಾವನನ್ನು ಮನೆಮಂದಿಯೆಲ್ಲ ಕರೆಯುವುದೇ ಕವರ್ ಮಾವ ಎಂದು. ಅವರ ಮನೆಯಲ್ಲಿ ರಿಮೋಟಿಗೆ ಪ್ಲಾಸ್ಟಿಕ್ಕು, ಸೋಫಾಕ್ಕೆ ಹಳೆಯ ಬೆಡ್‌ಶೀಟು, ಆ ಬೆಡ್‌ಶೀಟು ಕೊಳೆಯಾಗದಿರಲೆಂದು ಅದರ ಮೇಲೊಂದು ಟವೆಲು; ಸೋಫಾದ ಅಸಲಿ ಬಣ್ಣ ಕಂಡವನು ಅದನ್ನು ಮಾರಿದ ಅಂಗಡಿಯವನೊಬ್ಬನೇ. ಹೊಸ ಛತ್ರಿ ನೆನೆಯಬಾರದೆಂದು ಅದನ್ನು ಅಂಗಿಯೊಳಗೆ ಅವುಚಿಕೊಂಡು, ತಾವು ತೊಪ್ಪೆಯಾಗಿ ಮನೆಗೆ ಬಂದ ಪುಣ್ಯಾತ್ಮರು! ವಿಮೆ ಎಂದರೆ ಮಾತ್ರ ಉರಿದುಬೀಳುತ್ತಾರೆ: “ಜೋಪಾನ ಮಾಡಕ್ಕೆ ಬರದೋರಿಗೆ ಕಣೋ ಅದೆಲ್ಲ.” ಮೊನ್ನೆ ಅವರು ತಮ್ಮ ಪುಟ್ಟ ಮಗಳಿಗೆ ಮೊದಲ ಕನ್ನಡಕ ಕೊಡಿಸುವಾಗ ನಾನೂ ಜೊತೆಗಿದ್ದೆ. “ಮಕ್ಕಳ ಕನ್ನಡಕ ಸಾರ್, ವಿಮೆ ಮಾಡಿಸ್ಬಿಡಿ, ಒಡೆದ್ರೆ ಬೇರೆ ಕೊಡ್ತೀವಿ,” ಎಂದಳು ಅಂಗಡಿಯಾಕೆ. ಮಾವ ಬೇಡವೆಂದು ಕೈಯಲ್ಲಾಡಿಸಿದರು. ಅಷ್ಟರಲ್ಲಿ ಕನ್ನಡಕ ಹಾಕಿಕೊಂಡ ಹುಡುಗಿ ಬಾಗಿಲಾಚೆ ನೋಡಿ ಕೂಗಿದಳು: “ಅಪ್ಪಾ, ಕರೆಂಟ್ ತಂತಿ ಮೇಲಿರೋದು ಗಂಟಲ್ಲ, ಹಕ್ಕಿಗಳು! ಅವಕ್ಕೆ ಕಾಲೂ ಇದೆ!” ಮಾವ ಅವಳ ಪಕ್ಕಕ್ಕೆ ಬಂದು, ಹಕ್ಕಿಗಳನ್ನು ಯಾರೋ ಈಗಷ್ಟೇ ಸೃಷ್ಟಿಸಿ ಕೂರಿಸಿದ್ದಾರೇನೋ ಎಂಬಂತೆ ತಲೆಯೆತ್ತಿ ನಿಂತುಬಿಟ್ಟರು. ಮಗಳು ಇನ್ನೊಮ್ಮೆ ಕಣ್ತುಂಬ ನೋಡಿ, ಕನ್ನಡಕ ತೆಗೆದು, ಮಡಚಿ, ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದಳು. “ಸಾಕಪ್ಪಾ, ಹಾಳಾಗತ್ತೆ. ಮನೆಗೆ ಯಾರಾದ್ರೂ ಬಂದಾಗ ಹಾಕ್ಕೋತೀನಿ.” ಮಾವ ಆ ಡಬ್ಬಿಯನ್ನೇ ನೋಡುತ್ತ ನಿಂತರು. ಆಮೇಲೆ ಅದನ್ನು ತೆರೆದು, ಕನ್ನಡಕವನ್ನು ತಾವೇ ಅವಳ ಕಿವಿಗೆ ಸಿಕ್ಕಿಸಿ, ಅಂಗಡಿಯಾಕೆಯ ಕಡೆ ತಿರುಗಿದರು. “ವಿಮೆ ಬರ್ಕೊಳ್ಳಮ್ಮಾ. ಒಡೆದ್ರೆ ಒಡೀಲಿ, ಇವಳು ನೋಡ್ಲಿ.”